ರಿಮ್ಮಿಗೆ ಬಿಟ್ಟ ಅರ್ಧ ಇಂಚು ಸಡಿಲು

ಟೈರು ಕಳಚಿಕೊಂಡದ್ದು ದಸ್ತಗೀರನ ತಪ್ಪಿನಿಂದಲ್ಲ. ನನ್ನ ತಪ್ಪಿನಿಂದ. ಏಳು ಇಂಚು ಅಗಲದ ರಿಮ್ಮನ್ನು ನಾನು ಎಂಟೂವರೆ ಇಂಚು ಎಂದು ಹೇಳಿದೆ — ಅದೂ ಏಳು ಎಂದು ಕಣ್ಣಾರೆ ಓದಿದ ಮೇಲೆ. ಐದು ವರ್ಷ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ರೊಟ್ಟಿ ತಿಂದೆ. ರೊಟ್ಟಿ ಚೆನ್ನಾಗಿಯೇ ಜೀರ್ಣವಾಯಿತು. ಅದನ್ನೂ ಹೇಳಿಬಿಡುತ್ತೇನೆ, ನಿದ್ದೆಗೆಟ್ಟು ಸೊರಗಿದೆ ಎಂದೆಲ್ಲ ಬರೆದರೆ ಅದು ಇನ್ನೊಂದು ಸುಳ್ಳು.

ನಾನು ಕಾಶವ್ವ, ದಿಗ್ಗೇವಾಡಿಯವಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಆದರೆ ಅಂಕಿ ಬರುತ್ತದೆ — ನಲವತ್ತು ವರ್ಷ ಊರಿನ ಹೆಂಗಸರ ಕುಪ್ಪಸ ಹೊಲಿದವಳಿಗೆ ಅಂಕಿ ಬರದೆ ನಡೆಯುವುದಿಲ್ಲ. ಆದ್ದರಿಂದ ಪಾಪ, ಓದುಬರಹ ಇಲ್ಲದ ಮುದುಕಿ, ತಿಳಿಯದೆ ಮಾಡಿರಬೇಕು ಎಂದು ಯಾರೂ ನನ್ನನ್ನು ಬಿಟ್ಟುಬಿಡಬೇಡಿ.

ನಮ್ಮದು ಕಬ್ಬಿನ ಹೊಲ, ಹೊಳೆಯ ಕಡೆಗೆ ಎರೆಮಣ್ಣು. ಮಗ ಅಪ್ಪಾಸಾಹೇಬ ಒಂದು ಹಳೆಯ ಜೀಪು ಇಟ್ಟಿದ್ದ. ಮೊಮ್ಮಗಳು ರಾಜಶ್ರೀಯನ್ನು ನೋಡಲು ನಿಪ್ಪಾಣಿಯ ತಂಬಾಕು ವ್ಯಾಪಾರದ ಮನೆಯವರು ಬಂದರು. ನಮ್ಮ ಕಡೆ ಹುಡುಗಿ ತೋರಿಸಿದ ಮೇಲೆ ಹೊಲವನ್ನೂ ತೋರಿಸಬೇಕು. ಹುಡುಗಿಗಿಂತ ಹೊಲವನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ಹಿಂದಿನ ದಿನ ಮಳೆಯಾಗಿತ್ತು. ಬೇಡ ಎಂದು ಮಗ ಹೇಳಿದ. ನಾನೇ ಹಟ ಹಿಡಿದು ಹೊರಡಿಸಿದೆ. ಹೊಲದ ದಾರಿಯಲ್ಲಿ ಅರ್ಧ ಹೋಗುವುದರೊಳಗೆ ಜೀಪು ಹೊಟ್ಟೆಯವರೆಗೆ ಹೂತುಕೊಂಡಿತು. ಹುಡುಗನ ತಾಯಿ ಮಾಲತಿಬಾಯಿ ರೇಷ್ಮೆಸೀರೆ ಎತ್ತಿ ಹಿಡಿದು ಕೆಳಗಿಳಿದರು. ಒಂದು ಚಪ್ಪಲಿ ಮಣ್ಣಿಗೆ ಹೋಯಿತು, ಇವತ್ತಿನವರೆಗೂ ಸಿಕ್ಕಿಲ್ಲ. ಅವರು ಒಂಟಿ ಕಾಲಲ್ಲಿ ನಿಂತು ನಮ್ಮ ಜೀಪಿನ ಗಾಲಿ ನೋಡಿ ಮರಾಠಿಯಲ್ಲಿ ಹೇಳಿದ್ದು ಇಷ್ಟೇ:

“ತುಮಚ್ಯಾ ಗಾಡೀಚಂ ಚಾಕ ಲಯ ಬಾರೀಕ ಹಾಯ, ಬಾಯಿ.”

ನಿಮ್ಮ ಗಾಡಿಯ ಗಾಲಿ ಬಹಳ ಸಣ್ಣದು ಎಂದು ಅರ್ಥ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕನಿಕರದಿಂದ ಹೇಳಿದರು — ಮನೆಯಲ್ಲಿ ಉಣ್ಣಲಿಕ್ಕಿದೆಯೋ ಇಲ್ಲವೋ ಎನ್ನುವ ಹಾಗೆ. ಅವರ ಮನೆಯ ಜೀಪಿಗೆ ಎಮ್ಮೆಯ ಬೆನ್ನಿನಷ್ಟು ಅಗಲದ ಟೈರುಗಳಿದ್ದವು. ಹುಡುಗಿ ಅವರಿಗೆ ಒಪ್ಪಿಗೆಯಾಗಿದ್ದಳು. ನಿಶ್ಚಿತಾರ್ಥಕ್ಕೆ ನಿಪ್ಪಾಣಿಗೆ ಹೋಗುವಾಗ ನಮ್ಮ ಜೀಪಿಗೆ ಅದಕ್ಕಿಂತ ಒಂದು ಬೆರಳಾದರೂ ಹೆಚ್ಚು ಅಗಲದ ಟೈರು ಇರಬೇಕೆಂದು ನಾನು ಅಲ್ಲೇ, ಮಣ್ಣಿನಲ್ಲಿ ನಿಂತೇ, ತೀರ್ಮಾನಿಸಿದೆ. ಇದು ಮಗನ ಆಸೆಯಾಗಿತ್ತು ಎಂದು ಮನೆಯವರು ಈಗಲೂ ನಂಬಿದ್ದಾರೆ. ಅಲ್ಲ. ನನ್ನದು.

ದಸ್ತಗೀರನಿಗೆ ಅಂಕಲಿ ಕ್ರಾಸಿನಲ್ಲಿ ಟೈರಿನ ಅಂಗಡಿ. ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರು, ಟ್ರೇಲರುಗಳು ಅವನ ಅಂಗಡಿಯ ಮುಂದೆ ಸಾಲು ಹಚ್ಚಿ ನಿಲ್ಲುತ್ತಿದ್ದವು. ಅವನ ಮದುವೆಗೆ ಅವನ ಹೆಂಡತಿ ಶಬಾನಾಳ ಕುಪ್ಪಸಗಳನ್ನೆಲ್ಲ ನಾನೇ ಹೊಲಿದಿದ್ದೆ — ಹುಡುಗಿಯನ್ನು ಒಂದು ಸಲ ಕಣ್ಣಿನಿಂದ ನೋಡಿ, ಟೇಪು ಹಚ್ಚದೆ. ಒಂದೂ ಬಿಚ್ಚಿ ಹೊಲಿಯಬೇಕಾಗಲಿಲ್ಲ. ಅಂದಿನಿಂದ ನನ್ನ ಅಳತೆಯೆಂದರೆ ಅವನಿಗೆ… ಈ ಮಾತು ಮುಂದೆ ಬರುತ್ತದೆ.

ಮಗ, ನಾನು ಇಬ್ಬರೂ ಅವನ ಹತ್ತಿರ ಹೋದೆವು. ನಿಪ್ಪಾಣಿಯ ಹೆದ್ದಾರಿಯ ಮೇಲೆ ಒಬ್ಬನ ಬಳಿ ಹನ್ನೆರಡೂವರೆ ಇಂಚು ಅಗಲದ ನಾಲ್ಕು ಟೈರುಗಳಿವೆ, ಒಮ್ಮೆ ಬಳಸಿದವು, ಅವನ್ನು ತಂದರೆ ಕೂಡಿಸುತ್ತೀಯಾ ಎಂದು ಕೇಳಿದೆವು. ದಸ್ತಗೀರ ಗೋಡೆಗೆ ಸುತಳಿಯಲ್ಲಿ ತೂಗುಹಾಕಿದ ಕಂಪನಿಯ ಪುಸ್ತಕ ತೆಗೆದು ಬೆರಳಿಟ್ಟು ಓದಿದ.

“ಕಾಕು, ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ಮ ಬೇಕಂತ ಬರದಿರ್ತಾರ. ಈ ಹನ್ನೆರಡೂವರಿಗೆ ಕಮ್ಮೀತಕಮ್ಮಿ ಎಂಟೂವರಿ ಇಂಚಿಂದು ಬೇಕು. ಸಣ್ಣ ರಿಮ್ಮಿಗೆ ಹಾಕಿದ್ರ ಟೈರಿನ ಬಾಯಿ ಚಿವುಟಿದಂಗ ಆಗ್ತೈತಿ, ಹೊಟ್ಟಿ ಉಬ್ಬತೈತಿ. ಗಾಳಿ ಕಮ್ಮಿ ಇದ್ದಾಗ ಗಕ್ಕನ ತಿರುಗಿಸಿದ್ರಿ ಅಂದ್ರ ಅಂಚು ಕಳಚಿಕೊಂಡು ಕುಂದರ್ತೈತಿ.”

“ಅಗಲ ಆದಷ್ಟು ಚಲೋ ಅಲ್ಲೇನೋ?”

“ಕಾಯ್ದೇನೂ ಐತಿ, ಕಾಕು. ರಿಮ್ಮಿಗೆ ಹೊಂದಲಿಲ್ಲಂದ್ರ, ಮಡ್‌ಗಾರ್ಡ್ ದಾಟಿ ಹೊರಗ ಬಂತಂದ್ರ, ಆರ್‌ಟಿಓದಾಗ ಪಾಸಿಂಗಿಗೆ ಹೋದಾಗ ಹೊಳ್ಳಿ ಕಳಸ್ತಾರ. ಮೊದಲು ನಿಮ್ಮ ರಿಮ್ಮ ಎಷ್ಟೈತಿ ನೋಡ್ರಿ. ರಿಮ್ಮಿನ ಮ್ಯಾಲ ಅಚ್ಚು ಒತ್ತಿರ್ತಾರ. ಅದು ಕಾಣಲಿಲ್ಲಂದ್ರ ಹೊರಗಿನ ಅಂಚಿಂದ ಅಂಚಿಗೆ ಅಳದು ಒಂದು ಇಂಚು ಕಳೀರಿ. ಅಂಚಿನ ದಪ್ಪ ಲೆಕ್ಕಕ್ಕಿಲ್ಲ. ಟೈರು ಕೂಡೂದು ಒಳಗ.”

ಇಷ್ಟು ಬಿಡಿಸಿ ಹೇಳಿದ. ನನಗೆ ತಿಳಿಯಿತು ಕೂಡ. ಶಾಲೆಯಲ್ಲಿ ಮಾಸ್ತರರು ಹೀಗೆ ಹೇಳಿದ್ದರೆ ನಾನು ನಾಲ್ಕನೆಯ ಇಯತ್ತೆಗೂ ಹೋಗುತ್ತಿದ್ದೆನೇನೋ.

ಮರುದಿನ ಮಗ ನಿಪ್ಪಾಣಿಯ ಬಸ್ಸು ಹಿಡಿದು ಟೈರಿನವನ ಹತ್ತಿರ ಹೋದ. ಅಳತೆ ನಾನು ತೆಗೆಯುತ್ತೇನೆ, ನಿನಗೂ ದಸ್ತಗೀರನಿಗೂ ಫೋನಿನಲ್ಲಿ ಹೇಳುತ್ತೇನೆ ಎಂದು ನಾನೇ ವಹಿಸಿಕೊಂಡಿದ್ದೆ. ಅಂಗಳದಲ್ಲಿ ಜೀಪಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. ಅಚ್ಚು ಕಾಣಿಸಿತು. ಹದಿನೈದು, ಒಂದು ಗುಣಾಕಾರದ ಗುರುತು, ಆಮೇಲೆ ಏಳು. ಸ್ಪಷ್ಟವಾಗಿತ್ತು, ತೊಳೆದ ತಟ್ಟೆಯ ಮೇಲಿನ ಹೆಸರಿನ ಹಾಗೆ. ಕುಪ್ಪಸದ ಟೇಪು ಹಚ್ಚಿ ಹೊರಗಿನ ಅಂಚಿನಿಂದ ಅಂಚಿಗೆ ಅಳೆದೆ. ಎಂಟು. ಅದರಲ್ಲಿ ಒಂದು ಕಳೆದರೆ ಏಳು. ಅಚ್ಚು, ಟೇಪು ಎರಡೂ ಕೂಡಿ ಒಂದೇ ಮಾತು ಹೇಳಿದವು.

ನಾನು ಕಳೆಯಲಿಲ್ಲ. ಕೂಡಿಸಿದೆ. ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಅರ್ಧ ಇಂಚು ಸಡಿಲು ಬಿಡದ ಒಂದು ಕುಪ್ಪಸ ಹೊರಗೆ ಹೋಗಿಲ್ಲ. ಉಸಿರಾಡಬೇಕಲ್ಲ ಹೆಂಗಸರು, ಉಂಡ ಮೇಲೆ. ರಿಮ್ಮಿಗೂ ಅರ್ಧ ಇಂಚು ಸಡಿಲು ಬಿಟ್ಟೆ. ಎಂಟಕ್ಕೆ ಅರ್ಧ ಕೂಡಿತು, ಎಂಟೂವರೆಯಾಯಿತು. ದಸ್ತಗೀರನ ಪುಸ್ತಕದಲ್ಲಿ ಬೇಕಾದಷ್ಟೇ ಆಯಿತು! ದೇವರೇ ಕೊಟ್ಟ ಅಂಕಿ ಎನ್ನುವ ಹಾಗೆ ದಸ್ತಗೀರನಿಗೆ ಫೋನು ಹಚ್ಚಿದೆ.

“ಎಂಟೂವರಿ ಐತಿ.”

“ಅಚ್ಚು ಓದಿದ್ರೇನು, ಕಾಕು?”

“ಬಣ್ಣದಾಗ ಮುಚ್ಚೇತೋ.”

ಬಣ್ಣ ಇರಲಿಲ್ಲ. ಫೋನು ಇಟ್ಟ ಮೇಲೆ ಬಂತು. ಗೇಟಿಗೆ ಬಳಿದು ಉಳಿದ ಕೆಂಪು ಬಣ್ಣದ ಡಬ್ಬಿ ಕೊಟ್ಟಿಗೆಯಲ್ಲಿತ್ತು. ನಾಲ್ಕೂ ರಿಮ್ಮಿಗೆ ಬಳಿದೆ; ಏಳು ಇದ್ದಲ್ಲಿ ಎರಡೆರಡು ಕೈ ಹೆಚ್ಚಿಗೆ ಬಳಿದೆ. ನಿಶ್ಚಯಕ್ಕೆ ಗಾಡಿ ಚಂದ ಕಾಣಲಿ ಎಂದು ಸೊಸೆಗೆ ಹೇಳಿದೆ. “ಅತ್ತಿ, ನಿಮ್ಮ ಕೈ ಬಾಳ ನಾಜೂಕ ಐತ್ರಿ,” ಎಂದಳು. ಆ ಸೊಸೆ ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಎರಡು ದಿನ ಬಿಟ್ಟು ಜೀಪನ್ನೂ ಟೈರನ್ನೂ ಅಂಕಲಿಗೆ ಒಯ್ದೆವು. ದಸ್ತಗೀರ ಹಳೆಯ ಟೈರು ಬಿಚ್ಚಿದ. ಬರಿಯ ರಿಮ್ಮನ್ನು ಕಾಲಲ್ಲಿ ಉರುಳಿಸಿ ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ಆಮೇಲೆ ಮೊಳೆಗೆ ತೂಗುಹಾಕಿದ್ದ ಕ್ಯಾಲಿಪರ್ ತೆಗೆದುಕೊಂಡ — ಎರಡು ಕಾಲಿನ ಕಬ್ಬಿಣದ ಅಳತೆಗೋಲು, ಅವನ ಅಪ್ಪನ ಕಾಲದ್ದು.

ಒಳಗೆ ಅಳೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಿದೆ:

“ಶಬಾನಾನ ಕುಬಸ ಹೊಲಿವಾಗ ನೀ ಹೊಳ್ಳಿ ಅಳದಿದ್ದೇನು? ನನ್ನ ಅಳತೀ ಮ್ಯಾಲ ಈಗ ನಂಬಿಕಿ ಹೋತೇನು?”

ಅವನ ಕಿವಿ ಕೆಂಪಾದವು. ಅಂಗಡಿಯಲ್ಲಿ ನಾಲ್ಕು ಜನ ಟ್ರ್ಯಾಕ್ಟರಿನವರಿದ್ದರು, ನಕ್ಕರು. ಅವನು ಕ್ಯಾಲಿಪರನ್ನು ಮರಳಿ ಮೊಳೆಗೆ ಹಾಕಿದ. ಆ ಕಬ್ಬಿಣ ಗೋಡೆಗೆ ಬಡಿದ ಸಪ್ಪಳ — ಅದೊಂದನ್ನು ಮಾತ್ರ ನಾನು ಮರೆತಿಲ್ಲ.

ಟೈರು ಕೂತಿತು, ಆದರೆ ಒಲ್ಲದ ಮನಸ್ಸಿನಿಂದ. ಎರಡೂ ಪಕ್ಕ ಹೊಟ್ಟೆ ಉಬ್ಬಿತು, ನೆಲಕ್ಕೆ ತಾಗುವ ಅಂಚು ಮೇಲೆದ್ದಿತು. ದಸ್ತಗೀರ ತಲೆ ಕೆರೆದುಕೊಂಡ. “ಕಾಕು, ಇದ್ಯಾಕೋ ಬಿಗಿ ಐತಿ ಅನಸ್ತೈತಿ.”

“ಹೊಸಾ ಕುಬಸ ಹಂಗ ಇರ್ತೈತಿ. ನಾಕು ದಿನ ಹಾಕ್ಕೊಂಡ್ರ ಮೈಗೆ ಹೊಂದತೈತಿ.”

ಟೈರು ಮಡ್‌ಗಾರ್ಡಿನಿಂದ ಮೂರು ಬೆರಳು ಹೊರಗೆ ಬಂದಿತ್ತು. ಇಷ್ಟು ಹೊರಗೆ ಬಂದದ್ದು ಕಾಯ್ದೆಗೆ ನಡೆಯುವುದಿಲ್ಲ, ಅಗಲವಾದ ಮಡ್‌ಗಾರ್ಡು ಹಾಕಿಸದೆ ರಸ್ತೆಗೆ ಇಳಿಸಬೇಡಿರಿ ಎಂದು ದಸ್ತಗೀರ ಕಟ್ಟುನಿಟ್ಟಾಗಿ ಹೇಳಿದ. ನಾನು ಮನೆಗೆ ಬಂದು ಹಳೆಯ ಸೋಫಾದ ಕಪ್ಪು ರೆಕ್ಸಿನ್ ಕತ್ತರಿಸಿ ನಾಲ್ಕು ಗಾಲಿಗೂ ಅಂಚುಪಟ್ಟಿಯಿಟ್ಟು ಝಾಲರಿ ಹೊಲಿದೆ. ಕಾಯ್ದೆಗೆ ಝಾಲರಿ ಹೊಲಿದವಳು ಈ ಐದು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ನಿಶ್ಚಯದ ದಿನ ಬೆಳಿಗ್ಗೆ ನಮ್ಮ ದಾರಿ ಮತ್ತೆ ಕೆಸರಾಗಿತ್ತು. ಮಗ ಗಾಳಿ ಸ್ವಲ್ಪ ಇಳಿಸಿದ; ಜೀಪು ಎಮ್ಮೆಯ ಹಾಗೆ ನಡೆದು ಪಾರಾಯಿತು. ನನಗೆ ಹೆಮ್ಮೆಯೋ ಹೆಮ್ಮೆ. ಗಾಳಿ ತುಂಬಿಸಿಕೊಳ್ಳೋಣ ಎಂದು ಅವನು ದಾರಿಯಲ್ಲಿ ನಿಲ್ಲಿಸಿದಾಗ, ತಡವಾಗುತ್ತದೆ, ನಡೆ ಎಂದೆ. ಇದೂ ನನ್ನ ಲೆಕ್ಕಕ್ಕೇ.

ನಿಪ್ಪಾಣಿಯಲ್ಲಿ ಬೀಗರ ಮನೆ ಓಣಿಯ ತಿರುವಿನಲ್ಲಿದೆ. ಅವರ ಕಡೆಯವರೆಲ್ಲ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದರು. ಮಾಲತಿಬಾಯಿ ಮೊದಲು ಗಾಲಿಯನ್ನೇ ನೋಡಿದರು — ನಾನು ಅವರನ್ನೇ ನೋಡುತ್ತಿದ್ದೆ, ಆದ್ದರಿಂದ ಗೊತ್ತು. ಮಗ ಗತ್ತಿನಿಂದ ಒಂದೇ ಏಟಿಗೆ ಸ್ಟೇರಿಂಗ್ ತಿರುಗಿಸಿದ. ಮುಂದಿನ ಎಡಗಾಲಿಯಿಂದ, ದೊಡ್ಡ ಮನುಷ್ಯರು ಉಂಡು ತೇಗಿದ ಹಾಗೆ, ಒಂದು ಸಪ್ಪಳ ಬಂತು. ಟೈರಿನ ಅಂಚು ರಿಮ್ಮಿನಿಂದ ಕಳಚಿ ಗಾಳಿಯೆಲ್ಲ ಒಮ್ಮೆಗೇ ಹೋಯಿತು. ರಿಮ್ಮು ಕಲ್ಲಿಗೆ ಬಡಿದು ಸೊಟ್ಟಾಯಿತು, ಜೀಪು ಮೆಲ್ಲಗೆ, ಬಹಳ ಮೆಲ್ಲಗೆ, ಬಾಗಿಲ ಪಕ್ಕ ಪೇರಿಸಿದ್ದ ತಂಬಾಕಿನ ಚೀಲಗಳಿಗೆ ಒರಗಿತು. ಎರಡು ಚೀಲ ಹರಿದವು. ನನ್ನ ಝಾಲರಿ ಒಂದು ಚೀಲಕ್ಕೆ ಸಿಕ್ಕಿ ಬಾವುಟದ ಹಾಗೆ ನಿಂತಿತು.

ಯಾರಿಗೂ ಗಾಯವಾಗಲಿಲ್ಲ. ಆದರೆ ಸೀನು ಹತ್ತಿತು. ಮೊದಲು ಆರತಿ ಹಿಡಿದವಳು, ಆರತಿ ಆರಿತು. ಆಮೇಲೆ ಹುಡುಗ, ಆಮೇಲೆ ನಮ್ಮ ರಾಜಶ್ರೀ. ಸೀನಿದರೆ ಶುಭಕಾರ್ಯ ನಿಲ್ಲಿಸಬೇಕು ಎಂದು ಅವರ ಕಡೆಯ ಹಿರಿಯರೊಬ್ಬರು ಕೈಯೆತ್ತಿದರು. ಆ ಮಾತು ಪೂರ್ತಿ ಹೇಳುವುದರೊಳಗೆ ಅವರೇ ಮೂರು ಸಲ ಸೀನಿ ಪಗಡಿ ಬೀಳಿಸಿಕೊಂಡರು. ಅಷ್ಟು ಜನ ಒಟ್ಟಿಗೆ ಸೀನಿದಾಗ ಅಪಶಕುನವಾದರೂ ಯಾರಿಗೆ ಹಚ್ಚುವುದು? ನಿಶ್ಚಯ ನಡೆಯಿತು. ಉಂಗುರವನ್ನು ಸೀನು-ಸೀನುಗಳ ನಡುವಿನ ಬಿಡುವಿನಲ್ಲಿ ತೊಡಿಸಿದರು.

ಊಟಕ್ಕೆ ಕೂತಾಗ ಹುಡುಗನ ತಂದೆ ಎಲ್ಲರೂ ಕೇಳುವ ಹಾಗೆ ನನ್ನನ್ನು ಕೇಳಿದರು. “ಆಯಿ, ಟೈರು ಕೂಡಿಸಿದಾಂವ ಯಾರ್ರಿ?”

ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಮಾಲತಿಬಾಯಿ ಶ್ರೀಖಂಡದ ಚಮಚ ಹಿಡಿದು ನಿಂತಿದ್ದರು. ಆಗ ನಾನು ಹೇಳಬಹುದಾಗಿತ್ತು — ಅಳತೆ ನನ್ನದು, ಅಚ್ಚಿನ ಮೇಲೆ ಬಣ್ಣ ಬಳಿದವಳು ನಾನು, ಅವನ ಕೈಯಿಂದ ಕ್ಯಾಲಿಪರ್ ಕೆಳಗಿಡಿಸಿದವಳೂ… ನಾನು ಹೇಳಿದ್ದು:

“ಅಂಕಲಿ ಕ್ರಾಸಿನ ದಸ್ತಗೀರ.”

ಅದು ಸುಳ್ಳಲ್ಲ. ಕೂಡಿಸಿದವನು ಅವನೇ. ಆದ್ದರಿಂದಲೇ ಅದು ಇಷ್ಟು ವರ್ಷ ಬಾಳಿತು. ಬರಿಯ ಸುಳ್ಳಾಗಿದ್ದರೆ ಯಾರಾದರೂ ಹಿಡಿದುಬಿಡುತ್ತಿದ್ದರು.

ಆ ಪಂಕ್ತಿಯಲ್ಲಿ ಅಥಣಿಯವರಿದ್ದರು, ಕಾಗವಾಡದವರಿದ್ದರು, ಚಿಕ್ಕೋಡಿಯವರಿದ್ದರು. ತಂಬಾಕಿನ ಸೀನಿನ ಕಥೆ ಇಂಥದು — ಹೇಳದೆ ಯಾರಿಗೂ ಇರಲಾಗುವುದಿಲ್ಲ. ಪ್ರತಿ ಸಲ ಹೇಳುವಾಗಲೂ ಕೊನೆಗೆ ಟೈರು ಕೂಡಿಸಿದವನ ಹೆಸರು ಬರಬೇಕು. ಆ ವರ್ಷದ ಕಬ್ಬಿನ ಸೀಸನ್ನಿಗೆ ಅವನ ಅಂಗಡಿಯ ಮುಂದಿನ ಸಾಲು ಅರ್ಧವಾಯಿತು. ಮರುವರ್ಷ ಸಾಲೇ ಇರಲಿಲ್ಲ. ದೊಡ್ಡ ಗಾಲಿಯ ಕೆಲಸ ಬಿಟ್ಟು ಅವನು ಸೈಕಲ್ಲು, ಮೋಟರ್‌ಸೈಕಲ್ಲುಗಳ ಪಂಕ್ಚರ್ ತಿದ್ದುತ್ತ ಕೂತ.

ಅವನು ನನ್ನ ಬಳಿ ಜಗಳಕ್ಕೆ ಬಂದಿದ್ದರೆ ಒಳ್ಳೆಯದಿತ್ತು. ನಾನು ಜಗಳದಲ್ಲಿ ಒಳ್ಳೆಯವಳು. ಅವನು ಬಂದ, ಆದರೆ ಕೈಕಟ್ಟಿ ನಿಂತು, “ತಪ್ಪು ನಂದ ಐತ್ರಿ ಕಾಕು. ಅಳತಿ ನಾನ ತಗೋಬೇಕಿತ್ತು. ನಿಮ್ಮ ಕಾರ್ಯ ಕೆಡಸಿದೆ,” ಎಂದ. ನಾನು ಏನು ಹೇಳಿದೆ ಗೊತ್ತೇ? “ಇರಲಿ ಬಿಡೋ,” ಎಂದೆ. ಕ್ಷಮಿಸಿದೆ ಅವನನ್ನು. ಚಹಾ ಕೂಡ ಕೊಟ್ಟೆ. ಆಮೇಲೂ ಶಬಾನಾಳ ಬಟ್ಟೆಗಳು ನನ್ನ ಬಳಿಯೇ ಬರುತ್ತಿದ್ದವು.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ಮೊದಲು ಟ್ರ್ಯಾಕ್ಟರಿನವರು ತಮಾಷೆಗೆ ಹೇಳತೊಡಗಿದರು. ಆಮೇಲೆ ತಮಾಷೆ ಹೋಗಿ ಮಾತು ಉಳಿಯಿತು. ಯಾರ ಗಾಡಿಯ ಟೈರು ಬಿಚ್ಚಿದರೂ “ದಸ್ತಗೀರ ಆತು” ಎನ್ನುತ್ತಾರೆ. ಮಂಚದ ಕಾಲು ಕಳಚಿದರೆ ದಸ್ತಗೀರ ಆತು. ಬಕೆಟ್ಟಿನ ಹಿಡಿಕೆ ಕಿತ್ತರೆ ದಸ್ತಗೀರ ಆತು. ಆ ಮನುಷ್ಯನನ್ನು ಎಂದೂ ನೋಡದವರೂ ಹೇಳುತ್ತಾರೆ. ನಾನೂ ಕೇಳುತ್ತ ಬಂದೆ. ಕೇಳಿ ಕೇಳಿ ಅದು ಅವನ ಹೆಸರು ಎನ್ನುವುದೇ ಮರೆತಂತಾಗಿತ್ತು.

ಹೋದ ಚಳಿಗಾಲ ರಾಜಶ್ರೀ ನಿಪ್ಪಾಣಿಯಿಂದ ಬಂದಿದ್ದಳು, ಮೂರು ವರ್ಷದ ಮಗಳು ಸಾನ್ವಿಯನ್ನು ಕರೆದುಕೊಂಡು. ಸಂಜೆ ಮಗು ಅಂಗಳದಲ್ಲಿ ಪ್ಲಾಸ್ಟಿಕ್ಕಿನ ಜೀಪು ಎಳೆದಾಡುತ್ತಿತ್ತು. ಅದರ ಒಂದು ಗಾಲಿ ಕಳಚಿ ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿತು. ಮಗು ಕೈ ಎರಡೂ ಚಾಚಿ, ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟು, “ದತ್ತಗೀಲ ಆತು,” ಎಂದಿತು.

ಎಲ್ಲರೂ ನಕ್ಕರು. ಅಪ್ಪಾಸಾಹೇಬ ಮಗುವನ್ನು ಎತ್ತಿ ಕುಣಿಸಿ ಇನ್ನೊಮ್ಮೆ ಹೇಳಿಸಿದ. ನಾನೂ ನಗಲು ಬಾಯಿ ತೆರೆದೆ —

ಮಾತು ಕಲಿಯುತ್ತಿರುವ ಕೂಸು. ಅದರ ಬಾಯಲ್ಲಿ ಒಟ್ಟು ಎಷ್ಟು ಶಬ್ದಗಳಿದ್ದಾವು? ಅದರಲ್ಲಿ ಒಂದು ನಾನು ಮಾಡಿದ್ದು. ನಾನು, ದಸ್ತಗೀರ ಇಬ್ಬರೂ ಹೋದ ಮೇಲೂ ಇದು ಉಳಿಯುತ್ತದೆ. ಈ ಹುಡುಗಿಯ ಮಕ್ಕಳೂ ಮುರಿದ ಸಾಮಾನು ಕಂಡಾಗ ಆ ಒಳ್ಳೆಯ ಕೆಲಸಗಾರನ ಹೆಸರು ಹೇಳುತ್ತಾರೆ.

ಸೊಟ್ಟಾದ ಆ ರಿಮ್ಮು ನಮ್ಮ ಹಿತ್ತಲಲ್ಲಿಯೇ ಇತ್ತು. ನೀರಿನ ಕೊಡಕ್ಕೆ ಅದೇ ಸಿಂಬೆ. ಐದು ವರ್ಷ ದಿನಾಲೂ ಅದರ ಮೇಲಿನ ನೀರು ಕುಡಿದಿದ್ದೇನೆ. ಅಂದೇ ದೀಪ ಹಚ್ಚುವ ಮೊದಲು ಕೊಡ ಇಳಿಸಿ ಚಿಂದಿಗೆ ಸೀಮೆಎಣ್ಣೆ ಅದ್ದಿ ತಿಕ್ಕಿದೆ. ಅಲ್ಲೊಂದೇ ಕಡೆ ಬಣ್ಣ ಮೂರು ಪದರ ಇತ್ತಲ್ಲ, ಸುಲಭಕ್ಕೆ ಬರಲಿಲ್ಲ. ಗುಂಡಿಗೆ ಕಾಜಾ ಕೊರೆಯುವ ಚಾಕುವಿನಿಂದ ಕೆರೆದೆ. ಏಳು ಹೊರಗೆ ಬಂತು. ನಾನು ಬಿಟ್ಟು ಬಂದಲ್ಲೇ ಕೂತಿತ್ತು. ಸೊಸೆ ಬಂದು, “ಏನ್ ಮಾಡಾಕತ್ತೀರಿ ಅತ್ತಿ?” ಎಂದಳು. “ಓದಾಕತ್ತೀನಿ,” ಎಂದೆ.

ಮರುದಿನ ಬೆಳಿಗ್ಗೆ ರಿಮ್ಮನ್ನು ಗೋಣಿಚೀಲದಲ್ಲಿ ಹಾಕಿ, ಟೇಪು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಕಲಿಯ ಬಸ್ಸು ಹತ್ತಿದೆ. ಕಂಡಕ್ಟರು ಚೀಲದಲ್ಲಿ ಏನು ಎಂದ. ನನ್ನ ಬುದ್ಧಿ ಎಂದೆ. ಲಗೇಜು ಹಾಕಲಿಲ್ಲ.

ಸೀಸನ್ನು ನಡೆದಿತ್ತು. ಕ್ರಾಸಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ನಿಂತಿದ್ದವು, ಡ್ರೈವರುಗಳು ಚಹಾದಂಗಡಿಯ ಮುಂದೆ ಗುಂಪಾಗಿದ್ದರು. ಅದಕ್ಕೇ ಆ ಹೊತ್ತಿಗೆ ಹೋಗಿದ್ದೆ. ದಸ್ತಗೀರ ಒಂದು ಸೈಕಲ್ಲಿನ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಅವನ ಮುಂದೆ ರಿಮ್ಮನ್ನು ದಢಾರನೆ ಹಾಕಿದೆ. ಎಲ್ಲರೂ ತಿರುಗಿ ನೋಡಿದರು.

“ಕ್ಯಾಲಿಪರ್ ತಗೋ. ಅಳೀ.”

“ಯಾಕ್ರಿ ಕಾಕು, ಈಗ ಯಾಕದು…”

“ಅವತ್ತ ಅಳೀಗೊಡಲಿಲ್ಲ ನಾ. ಇವತ್ತ ಅಳೀ.”

ಮೊಳೆಯಿಂದ ತೆಗೆದ. ಕೀಲಿಗೆ ಜಂಗು ಹಿಡಿದಿತ್ತು, ಎಣ್ಣೆ ಬಿಡಬೇಕಾಯಿತು. ಸೊಟ್ಟಾಗದ ಕಡೆ ನೋಡಿ ಒಳಗಿನ ಅಂಚಿಗೆ ಹಿಡಿದ. “ಏಳು,” ಎಂದ. ನಾನು ಕೆರೆದ ಜಾಗದಲ್ಲಿ ಬೆರಳಾಡಿಸಿ ಅಚ್ಚನ್ನೂ ಓದಿದ. ಆಮೇಲೆ ಉಗುರಿಗೆ ಅಂಟಿದ ಕೆಂಪು ಬಣ್ಣದ ಚೂರನ್ನೇ ನೋಡುತ್ತ ಕೂತ. ಅವನಿಗೆ ತಿಳಿಯಿತು. ಆದರೂ ನಾನು ಡ್ರೈವರುಗಳ ಕಡೆ ತಿರುಗಿ ಎಲ್ಲವನ್ನೂ ಹೇಳಿದೆ — ಟೇಪು, ಸಡಿಲು, ಬಣ್ಣ, ಶಬಾನಾಳ ಕುಪ್ಪಸದ ಮಾತು, ಪಂಕ್ತಿಯಲ್ಲಿ ಆಡಿದ ಮಾತು. ದಸ್ತಗೀರ ಒಮ್ಮೆಯೂ ತಲೆಯೆತ್ತಲಿಲ್ಲ. ಇರಲಿ ಬಿಡ್ರಿ ಕಾಕು ಎಂದೂ ಅನ್ನಲಿಲ್ಲ. ಅನ್ನದಿದ್ದದ್ದೇ ಸರಿ.

ಗುಂಪಿನಲ್ಲಿದ್ದ ಒಬ್ಬ ಡ್ರೈವರು, ದೊಡ್ಡ ಮೀಸೆಯವನು, ಚಹಾದ ಕಪ್ಪು ಕೆಳಗಿಟ್ಟ. “ಹಂಗಾರ ಆಯಿ, ಇನ್ನ ಮ್ಯಾಲ ಟೈರು ಬಿಚ್ಚಿದ್ರ ನಾವು ಏನನ್ನೂದ್ರಿ?”

“ಕಾಶವ್ವ ಆತು ಅನ್ರಿ,” ಎಂದೆ.

ಯಾರೋ ನಗಲು ಹೋಗಿ ತಡೆದುಕೊಂಡರು. ನಗ್ರಿ ಎಂದೆ. ಖಾಲಿ ಚೀಲ ಮಡಚಿ ಬಗಲಲ್ಲಿಟ್ಟುಕೊಂಡು, ರಿಮ್ಮನ್ನು ಏಳು ಮೇಲೆ ಕಾಣುವ ಹಾಗೆ ಅಂಗಡಿಯ ಬಾಗಿಲಿಗೆ ಒರಗಿಸಿ, ಮರಳಿ ಬಸ್ಸಿಗೆ ನಿಂತೆ. ಮನೆಯಲ್ಲಿ ಮಗು ಏಳುವ ಹೊತ್ತಾಗಿತ್ತು, ಅದಕ್ಕೂ ಹೊಸ ಮಾತು ಕಲಿಸಬೇಕಿತ್ತು.